ಯಾರ ದನ, ಯಾರ ಹೊಲ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಹಳೆಯ ಊರುಗಳಲ್ಲಿ ಕಾಲ್ನಡಿಗೆಯಲ್ಲಿ ಸುತ್ತಿದವರು ಇದನ್ನು ನೋಡಿರುತ್ತೀರಿ. ಚರ್ಚಿನ ಹಿಂದೆಯೋ ಹಳೆಯ ಸ್ಮಶಾನದ ಪಕ್ಕದಲ್ಲೋ ಎದೆಮಟ್ಟದ ಕಲ್ಲುಗೋಡೆಯ ಒಂದು ಚೌಕ. ಮೇಲೆ ಸೂರಿಲ್ಲ. ಒಂದೇ ಬಾಗಿಲು. ಒಳಗೆ ಬರೀ ಹುಲ್ಲು. ಅಪ್ಪ ನಮ್ಮ ಮನೆಗೆ ಬಂದಿದ್ದಾಗ ಸಂಜೆ ವಾಕಿಂಗಿಗೆ ಆ ದಾರಿಯಲ್ಲಿ ಕರೆದುಕೊಂಡು ಹೋಗಿದ್ದೆ. ಅವರಿಗೆ ಅಲ್ಲಿಯ ಫಲಕ ಓದುವ ಅಗತ್ಯವೇ ಬೀಳಲಿಲ್ಲ. "ದನದ ದೊಡ್ಡಿ" ಅಂದರು. ಹೌದು, ದೊಡ್ಡಿಯೇ. ಊರಿನ ಹೊಲಕ್ಕೆ ನುಗ್ಗಿದ ದನ, ಹಂದಿ, ಕುದುರೆಗಳನ್ನು ಕೂಡಿಹಾಕಿ, ದಂಡ ಕಟ್ಟಿಸಿಕೊಂಡು ಬಿಡುತ್ತಿದ್ದ ಜಾಗ. ಅಪ್ಪ ಗೋಡೆಯ ಮೇಲೆ ಕೈಯಿಟ್ಟು ಕಲ್ಲು ಕೂಡಿಸಿದ ರೀತಿ ನೋಡಿದರು. ಆಮೇಲೆ ಕೇಳಿದರು: "ಯಾರ ದನ? ಯಾರ ಹೊಲ?"

ಇಂಗ್ಲೆಂಡಿನಿಂದ ಬಂದು ನೆಲೆಸಿದವರದ್ದು ಅಂದೆ. ಅವರದ್ದೇ ದನ, ಅವರದ್ದೇ ಹೊಲ. "ಅದಲ್ಲ ಕಣೋ, ಇವರು ಬರೋಕೆ ಮುಂಚೆ ಇಲ್ಲಿ ಇದ್ದವರು ಉತ್ತು ಬಿತ್ತಿ ಮಾಡ್ತಿರಲಿಲ್ವಾ? ಅವರ ಹೊಲಕ್ಕೆ ಈ ದನ ನುಗ್ಗಿದ್ರೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಬಂದ ಮೇಲೂ ಆ ಪ್ರಶ್ನೆ ತಲೆಯಲ್ಲೇ ಇತ್ತು. ಅಂದಿನಿಂದ ಬಿಡುವು ಸಿಕ್ಕಾಗಲೆಲ್ಲ ಹದಿನೇಳನೇ ಶತಮಾನದ ಕಾಗದಪತ್ರಗಳನ್ನು ಓದುತ್ತಿದ್ದೇನೆ. ಓದಿದಷ್ಟೂ ಅನಿಸಿದ್ದು, ಅಪ್ಪ ಕೇಳಿದ್ದು ಆ ಕಾಲದ ಅತಿ ದೊಡ್ಡ ಪ್ರಶ್ನೆಯನ್ನೇ.

ಅಪ್ಪನಿಗೆ ಅದು ತಟ್ಟನೆ ಹೊಳೆದದ್ದರಲ್ಲಿ ಆಶ್ಚರ್ಯವೇನಿಲ್ಲ. ನಮ್ಮೂರು ಹಾಸನದ ಕಡೆ. ನಾನು ಚಿಕ್ಕವನಿದ್ದಾಗ ಒಂದು ರಾತ್ರಿ ಪಕ್ಕದ ಮನೆಯ ಎಮ್ಮೆಗಳು ಹಗ್ಗ ಕಿತ್ತುಕೊಂಡು ನಮ್ಮ ರಾಗಿ ಹೊಲಕ್ಕೆ ಬಿದ್ದಿದ್ದವು. ಬೆಳಿಗ್ಗೆ ಅಜ್ಜಿ ಬದುವಿನ ಮೇಲೆ ನಿಂತು ಇಡೀ ಊರಿಗೆ ಕೇಳುವ ಹಾಗೆ ಬೈದಳು. ಊರಿನ ಇಬ್ಬರು ಹಿರಿಯರು ಬಂದು ಹೊಲದ ಉದ್ದಕ್ಕೂ ನಡೆದರು. ತುಳಿದದ್ದು ಎಷ್ಟು, ಮೇಯ್ದದ್ದು ಎಷ್ಟು ಅಂತ ಕಣ್ಣಳತೆಯಲ್ಲೇ ಲೆಕ್ಕ ಹಾಕಿ, ಸುಗ್ಗಿಯಲ್ಲಿ ಇಷ್ಟು ಕೊಳಗ ರಾಗಿ ಕೊಡಬೇಕು ಎಂದರು. ಎಮ್ಮೆಯವನು ಗೊಣಗುತ್ತಲೇ ಒಪ್ಪಿದ. ನಮ್ಮ ಹೊಲಕ್ಕೆ ಬೇಲಿ ಇರಲಿಲ್ಲ. ಆದರೂ ಬೇಲಿ ಯಾಕೆ ಹಾಕಿಲ್ಲ ಅಂತ ಅಜ್ಜಿಯನ್ನು ಯಾರೂ ಕೇಳಲಿಲ್ಲ. ದನ ಕಟ್ಟಿಕೊಳ್ಳುವುದು ದನದವನ ಕೆಲಸ, ಅಷ್ಟೇ. ದೊಡ್ಡಿಗೆ ಹೊಡೆಯುವ ಮಾತು ಬಂತು, ಆಮೇಲೆ ಬಿಟ್ಟರು. ಅಂದಹಾಗೆ ನಮ್ಮ ಕಡೆಯ ಸರ್ಕಾರಿ ದೊಡ್ಡಿಗಳ ಹಿಂದೆಯೂ ಇಂಗ್ಲಿಷರ ಕಾನೂನಿದೆ. 1871ರಲ್ಲಿ ಬ್ರಿಟಿಷ್ ಸರ್ಕಾರ ಇಂಡಿಯಾಕ್ಕೆ ಜಾನುವಾರು ಅತಿಕ್ರಮಣ ಕಾಯ್ದೆ ಮಾಡಿತು. ಅದರಲ್ಲೂ ಬೆಳೆ ಕಳೆದುಕೊಂಡವನು ದನ ಹಿಡಿದು ದೊಡ್ಡಿಗೆ ಹೊಡೆಯಬಹುದಿತ್ತು. ಅಮೆರಿಕದ ಈ ಕರಾವಳಿಯಲ್ಲಿ ಅದಕ್ಕಿಂತ ಎರಡು ಶತಮಾನ ಮೊದಲು ನಡೆದದ್ದೇ ಬೇರೆ.

ಬೇಲಿಯಿಲ್ಲದ ಹೊಲ

ಆಲ್ಗಾಂಕ್ವಿಯನ್ ಎನ್ನುವುದು ಒಂದು ಬುಡಕಟ್ಟಿನ ಹೆಸರಲ್ಲ, ಒಂದು ಭಾಷಾ ಕುಟುಂಬದ್ದು. ನಮ್ಮಲ್ಲಿ ದ್ರಾವಿಡ ಅಂದ ಹಾಗೆ. ಅಟ್ಲಾಂಟಿಕ್ ತೀರದಿಂದ ರಾಕಿ ಪರ್ವತದ ಬುಡದವರೆಗೂ ಆ ಭಾಷೆಗಳನ್ನಾಡುವ ಜನರಿದ್ದರು. ಇಂಗ್ಲಿಷರಿಗೆ ಮೊದಲು ಎದುರಾದವರು ತೀರದ ಜನ. ಈಗಿನ ಮ್ಯಾಸಚೂಸೆಟ್ಸ್‌ನ ವಾಂಪನೋಗ್, ರೋಡ್ ಐಲ್ಯಾಂಡ್‌ನ ನ್ಯಾರಗ್ಯಾನ್ಸೆಟ್, ಕನೆಕ್ಟಿಕಟ್‌ನ ಪೀಕ್ವಾಟ್, ದಕ್ಷಿಣಕ್ಕೆ ವರ್ಜೀನಿಯಾದಲ್ಲಿ ಪೌಹಾಟನ್ ಎಂಬ ಮುಖಂಡನ ಅಧೀನದಲ್ಲಿದ್ದ ಮೂವತ್ತರಷ್ಟು ಗುಂಪುಗಳು. ಬೇಟೆಯಾಡಿಕೊಂಡು ಕಾಡಲ್ಲಿ ಅಲೆಯುತ್ತಿದ್ದವರು ಎಂಬ ಚಿತ್ರ ನಮ್ಮ ತಲೆಯಲ್ಲಿ ಕೂತಿದೆ ಅಲ್ವಾ? ಇವರೆಲ್ಲ ಬೇಸಾಯಗಾರರು. ಇನ್ನೂ ಸರಿಯಾಗಿ ಹೇಳಬೇಕೆಂದರೆ ಬೇಸಾಯಗಾರ್ತಿಯರು. ಹೊಲ ಹೆಂಗಸರದ್ದು. ಮಣ್ಣನ್ನು ಗುಡ್ಡೆ ಮಾಡಿ ಮೆಕ್ಕೆಜೋಳ ಊರುವುದು, ಅದೇ ಗುಡ್ಡೆಗೆ ಹುರುಳಿಕಾಯಿ ಬಳ್ಳಿ ಹಬ್ಬಿಸುವುದು, ನಡುವೆ ಕುಂಬಳ ಬಿಡುವುದು. ಕಳೆ ತೆಗೆಯಲು ಚಿಪ್ಪಿನ ಗುದ್ದಲಿ. ಸುಗ್ಗಿಯಾದ ಮೇಲೆ ಒಣಗಿಸಿದ ಜೋಳ ನೆಲದಡಿಯ ಹಗೇವಿಗೆ. ಹಗೇವು ಗೊತ್ತಿರುವ ನಮ್ಮ ಬಯಲುಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸಾಕುಪ್ರಾಣಿ ಅಂದರೆ ನಾಯಿ ಮಾತ್ರ. ಹಸುವಿಲ್ಲ, ಹಂದಿಯಿಲ್ಲ, ಕುರಿಯಿಲ್ಲ. ಮೇಯುವ ಪ್ರಾಣಿ ಊರಲ್ಲೇ ಇಲ್ಲದ ಮೇಲೆ ಬೇಲಿ ಯಾಕೆ? ಕಾಟ ಕೊಡುತ್ತಿದ್ದದ್ದು ಹಕ್ಕಿಗಳು. ರೋಡ್ ಐಲ್ಯಾಂಡ್ ಸ್ಥಾಪಿಸಿದ ರಾಜರ್ ವಿಲಿಯಮ್ಸ್ ನ್ಯಾರಗ್ಯಾನ್ಸೆಟ್ ಜನರ ಜೊತೆ ವರ್ಷಗಟ್ಟಲೆ ಒಡನಾಡಿ, ಅವರ ಮಾತು ಕಲಿತು, ಕಂಡದ್ದನ್ನೆಲ್ಲ ಬರೆದಿಟ್ಟ. ಅದು 1643ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಹೊಲದ ನಡುವೆ ಪುಟ್ಟ ಕಾವಲು ಗುಡಿಸಲು ಕಟ್ಟಿ, ದೊಡ್ಡ ಮಕ್ಕಳು ಅಲ್ಲೇ ಮಲಗಿ, ನಸುಕಿನಲ್ಲೇ ಎದ್ದು ಹಕ್ಕಿ ಓಡಿಸುತ್ತಿದ್ದರಂತೆ. ಸಣ್ಣ ಹಕ್ಕಿಗಳನ್ನು ದೂರವಿಡಲು ಕೆಲವರು ಗಿಡುಗ ಸಾಕುತ್ತಿದ್ದರಂತೆ. ಆದರೆ ಕಾಗೆ ಎಷ್ಟು ತಿಂದರೂ ಕೊಲ್ಲುತ್ತಿರಲಿಲ್ಲ. ನೈಋತ್ಯದಲ್ಲಿರುವ ದೊಡ್ಡ ದೇವರ ಹೊಲದಿಂದ ಮೊಟ್ಟಮೊದಲು ಒಂದು ಕಿವಿಯಲ್ಲಿ ಜೋಳದ ಕಾಳು, ಇನ್ನೊಂದರಲ್ಲಿ ಹುರುಳಿಕಾಯಿಯ ಕಾಳು ಇಟ್ಟುಕೊಂಡು ಬಂದದ್ದು ಕಾಗೆಯೇ ಎಂಬುದು ಅವರ ನಂಬಿಕೆ.

ಇಂಗ್ಲಿಷರು ಈ ಹೊಲಗಳನ್ನು ಕಾಣಲಿಲ್ಲ ಅಂತಲ್ಲ. ಕಂಡರು, ತಿಂದರು. 1620ರ ನವೆಂಬರಿನಲ್ಲಿ ಮೇಫ್ಲವರ್ ಹಡಗಿನವರು ಕೇಪ್ ಕಾಡ್‌ನಲ್ಲಿ ಇಳಿದಾಗ ಮಾಡಿದ ಮೊದಲ ಕೆಲಸಗಳಲ್ಲೊಂದು ಮರಳಿನ ದಿಬ್ಬ ಅಗೆದದ್ದು. ಸಿಕ್ಕಿದ್ದು ಹೊಸ ಬುಟ್ಟಿಯ ತುಂಬ ಆ ವರ್ಷದ ಜೋಳ. ಮೂವತ್ತಾರು ತೆನೆಗಳು ಹಾಗೇ ಇಡಿಯಾಗಿದ್ದವು, ಕೆಲವು ಹಳದಿ, ಕೆಲವು ಕೆಂಪು, ಕೆಲವಕ್ಕೆ ನೀಲಿ ಬೆರೆತಿತ್ತು ಎಂದು ಅವರೇ ಖುಷಿಯಿಂದ ಬರೆದುಕೊಂಡಿದ್ದಾರೆ. ಅದನ್ನು ಹೊತ್ತುಕೊಂಡು ಹೋದರು. ಮುಂದಿನ ವರ್ಷ ಬೆಲೆ ತೆತ್ತರು, ಅದನ್ನೂ ಹೇಳಬೇಕು. ಅವರು ನೆಲೆಸಿದ ಪ್ಲಿಮತ್ ಕೂಡ ಉತ್ತು ಹದ ಮಾಡಿದ ನೆಲವೇ. ಅಲ್ಲಿದ್ದ ಪಟಕ್ಸೆಟ್ ಎಂಬ ವಾಂಪನೋಗ್ ಊರು 1616ರಿಂದ 1619ರವರೆಗಿನ ಸಾಂಕ್ರಾಮಿಕದಲ್ಲಿ ಪೂರ್ತಿ ಖಾಲಿಯಾಗಿತ್ತು. ರೋಗ ತಂದವರು ಯುರೋಪಿನ ಹಡಗಿನವರೇ.

1621ರ ಮಾರ್ಚಿನಲ್ಲಿ ವಾಂಪನೋಗ್ ಮುಖಂಡ ಆಸಮೀಕ್ವಿನ್ ಪ್ಲಿಮತ್ ಜೊತೆ ಒಪ್ಪಂದ ಮಾಡಿಕೊಂಡ. ಇಂಗ್ಲಿಷರು ಅವನನ್ನು ಮ್ಯಾಸಸಾಯ್ಟ್ ಎಂದರು. ಆ ಒಪ್ಪಂದ ಅವನ ಬದುಕಿನುದ್ದಕ್ಕೂ ಬಾಳಿತು. ಅಮೆರಿಕದ ಮಕ್ಕಳು ಶಾಲೆಯಲ್ಲಿ ಥ್ಯಾಂಕ್ಸ್‌ಗಿವಿಂಗ್ ನಾಟಕ ಆಡುವುದು ಇಲ್ಲಿಯವರೆಗಿನ ಕಥೆಯನ್ನು. ಹಸುಗಳು ಬರುವುದು ಆಮೇಲೆ.

ಹಂದಿಗಳು ದಾರಿ ಮಾಡಿದ್ದು

ಪ್ಲಿಮತ್‌ಗೆ ಮೊದಲ ಹಸುಗಳು ಬಂದದ್ದು 1624ರಲ್ಲಿ. ಮೂರು ಕಡಸು, ಒಂದು ಹೋರಿ. 1630ರ ನಂತರದ ಹತ್ತು ವರ್ಷಗಳಲ್ಲಿ ಸುಮಾರು 20,000 ಇಂಗ್ಲಿಷರು ನ್ಯೂ ಇಂಗ್ಲೆಂಡಿಗೆ, ಅಂದರೆ ಅಮೆರಿಕದ ಈ ಈಶಾನ್ಯ ಮೂಲೆಗೆ, ಬಂದಿಳಿದರು, ಜೊತೆಗೆ ಅವರ ಹಸು, ಹಂದಿ, ಮೇಕೆ, ಕುದುರೆ. ಇಂಗ್ಲೆಂಡಿನಲ್ಲಿ ದನ ಕಾಯಲು ಆಳುಗಳಿದ್ದರು, ಮೇವಿನ ಹುಲ್ಲುಗಾವಲಿತ್ತು. ಇಲ್ಲಿ ಆಳುಗಳಿಲ್ಲ, ಕಾಡು ಮಾತ್ರ ಬೇಕಾದಷ್ಟು. ಹಾಗಾಗಿ ದನವನ್ನು ಕಾಡಿಗೆ ಬಿಟ್ಟು, ಬೆಳೆಗೆ ಬೇಲಿ ಹಾಕಿಕೊಳ್ಳುವುದು ಸುಲಭ ಅನಿಸಿತು. ನಮ್ಮೂರಿನ ರೀತಿಯೇ ತಲೆಕೆಳಗಾಗಿದ್ದು ಇಲ್ಲಿ. ದನ ಎಲ್ಲಿ ಬೇಕಾದರೂ ತಿರುಗಬಹುದು. ಬೆಳೆ ಉಳಿಸಿಕೊಳ್ಳುವುದು ಬೆಳೆದವನ ಹಣೆಬರಹ.

ಮ್ಯಾಸಚೂಸೆಟ್ಸ್ ಬೇ ವಸಾಹತಿನ ಗವರ್ನರ್ ಜಾನ್ ವಿಂತ್ರಾಪ್ ಹಡಗು ಹತ್ತುವ ಮೊದಲೇ, 1629ರಲ್ಲಿ, ಇದಕ್ಕೊಂದು ತರ್ಕ ಕಟ್ಟಿದ್ದ. ಈ ಜನ ನೆಲಕ್ಕೆ ಬೇಲಿ ಹಾಕುವುದಿಲ್ಲ, ನೆಲ ಸುಧಾರಿಸಲು ಸಾಕಿದ ದನವೂ ಇವರಲ್ಲಿಲ್ಲ, ಆದ್ದರಿಂದ ಇವರಿಗಿರುವುದು ಬರೀ ಸಹಜ ಹಕ್ಕು, ಅವರಿಗೆ ಸಾಕಾಗುವಷ್ಟು ಬಿಟ್ಟು ಉಳಿದದ್ದನ್ನು ನಾವು ತೆಗೆದುಕೊಳ್ಳಬಹುದು ಎಂಬುದು ಅವನ ವಾದ. ಸ್ವಲ್ಪ ಯೋಚಿಸಿ. ದನ ಇಲ್ಲದವನಿಗೆ ಬೇಲಿ ಬೇಡ. ಬೇಲಿ ಇಲ್ಲದವನಿಗೆ ನೆಲವಿಲ್ಲ. ಹಾಗಾದರೆ ಆ ನೆಲ ಯಾರಿಗೆ ಸೇರಬೇಕು? ದನ ಇದ್ದವನಿಗೆ. ವಕೀಲನಾಗಿದ್ದವನು ವಿಂತ್ರಾಪ್, ಗೊತ್ತಿದ್ದೇ ಬರೆದಿದ್ದಾನೆ.

ಹಸುವಿಗಿಂತ ಜಾಸ್ತಿ ಅನಾಹುತ ಮಾಡಿದ್ದು ಹಂದಿ. ಕಾಡಿಗೆ ಬಿಟ್ಟರೆ ತಾನೇ ಮೇಯ್ದು, ತಾನೇ ಮರಿ ಹಾಕಿ, ತಿಂಗಳುಗಟ್ಟಲೆ ಯಜಮಾನನ ಮುಖ ನೋಡದೆ ಬದುಕುತ್ತದೆ. ಬೇಲಿಯ ಖರ್ಚು ಉಳಿಸಲು ಇಂಗ್ಲಿಷರು ಹಂದಿಗಳನ್ನು ದ್ವೀಪಗಳಿಗೆ, ಸಮುದ್ರಕ್ಕೆ ಚಾಚಿದ ಭೂಶಿರಗಳಿಗೆ ಬಿಟ್ಟರು. ಅಲ್ಲೇ ಮೂಲನಿವಾಸಿ ಹೆಂಗಸರು ಚಿಪ್ಪುಮೀನು ಹೆಕ್ಕುತ್ತಿದ್ದದ್ದು. ಮಂಗಳೂರು ಕಡೆಯವರು ಮರುವಾಯಿ ಅನ್ನುತ್ತಾರಲ್ಲ, ಅದೇ ಬಗೆಯದ್ದು. ಜೋಳ ಕೈಕೊಟ್ಟ ವರ್ಷ ಜೀವ ಉಳಿಸುತ್ತಿದ್ದದ್ದು ಅದು. ವಿಲಿಯಮ್ಸ್ ಬರೆದ ಒಂದು ಸಾಲು ನನ್ನ ಕಣ್ಣಿಗೆ ಕಟ್ಟಿದಂತಿದೆ. ಸಮುದ್ರ ಇಳಿತ ಬರುವುದನ್ನು ಹೆಂಗಸರು ಕಾಯುವಂತೆಯೇ ಹಂದಿಗಳೂ ಕಾಯುತ್ತಿದ್ದವಂತೆ. ನೀರು ಸರಿದ ಕೂಡಲೇ ಮೂತಿಯಿಂದ ಕೆಸರು ಬಗೆದು ಚಿಪ್ಪು ತಿನ್ನುತ್ತಿದ್ದವು. ಇಂಗ್ಲಿಷರು ತಂದ ಪ್ರಾಣಿಗಳಲ್ಲೆಲ್ಲ ಹಂದಿಯನ್ನು ಕಂಡರೆ ಈ ಜನರಿಗೆ ಅತಿ ಹೆಚ್ಚು ಸಿಟ್ಟು ಎಂದೂ ಅವನು ಸೇರಿಸುತ್ತಾನೆ. ಒಂದೇ ಕೆಸರಿನ ದಂಡೆಯಲ್ಲಿ ಈ ಕಡೆ ಬುಟ್ಟಿ ಹಿಡಿದ ಹೆಂಗಸರು, ಆ ಕಡೆ ಹಂದಿಗಳು, ಇಬ್ಬರೂ ನೀರು ನೋಡುತ್ತಾ ನಿಂತಿದ್ದಾರೆ. ಹಗೇವುಗಳನ್ನೂ ಹಂದಿಗಳು ಬಿಡುತ್ತಿರಲಿಲ್ಲ.

ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಆಗಲೇ ಅರ್ಥ ಮಾಡಿಕೊಂಡವನು ನ್ಯಾರಗ್ಯಾನ್ಸೆಟ್ ಮುಖಂಡ ಮಿಯಾಂಟೊನೊಮಿ. 1637ರಲ್ಲಿ ಮಿಸ್ಟಿಕ್ ಎಂಬಲ್ಲಿ ಇಂಗ್ಲಿಷರು ಪೀಕ್ವಾಟ್ ಜನರ ಕೋಟೆಗೆ ಬೆಂಕಿಯಿಟ್ಟು, ಹೆಂಗಸರು ಮಕ್ಕಳೆನ್ನದೆ ನೂರಾರು ಜನರನ್ನು ಒಂದೇ ಬೆಳಿಗ್ಗೆ ಕೊಂದಾಗ ಅವನ ಜನ ಇಂಗ್ಲಿಷರ ಜೊತೆಯೇ ಇದ್ದರು. ಕೆಲವೇ ವರ್ಷಗಳ ನಂತರ ಅವನು ಲಾಂಗ್ ಐಲ್ಯಾಂಡಿಗೆ ಹೋಗಿ ಅಲ್ಲಿಯವರನ್ನು ಕೂರಿಸಿಕೊಂಡು ಮಾತಾಡಿದ. ನಮ್ಮ ಹಿರಿಯರ ಕಾಲದಲ್ಲಿ ಬಯಲು ತುಂಬ ಜಿಂಕೆ, ಕಾಡು ತುಂಬ ಟರ್ಕಿ, ಕೊಲ್ಲಿಗಳಲ್ಲಿ ಮೀನು ಇದ್ದವು. ಈ ಇಂಗ್ಲಿಷರು ನೆಲ ಹಿಡಿದು, ಕುಡುಗೋಲಿನಿಂದ ಹುಲ್ಲು ಕೊಯ್ದರು, ಕೊಡಲಿಯಿಂದ ಮರ ಕಡಿದರು. ಅವರ ಹಸು ಕುದುರೆಗಳು ಹುಲ್ಲು ತಿನ್ನುತ್ತವೆ, ಹಂದಿಗಳು ನಮ್ಮ ಚಿಪ್ಪಿನ ದಂಡೆ ಹಾಳುಮಾಡುತ್ತವೆ, ನಾವೆಲ್ಲ ಹಸಿವಿನಿಂದ ಸಾಯುತ್ತೇವೆ ಎಂದ. ಇದನ್ನು ಬರೆದಿಟ್ಟದ್ದು ಒಬ್ಬ ಇಂಗ್ಲಿಷ್ ಅಧಿಕಾರಿಯೇ. ಬಂದೂಕಿನ ಮಾತೇ ಇಲ್ಲ ನೋಡಿ ಅದರಲ್ಲಿ. ಹುಲ್ಲು, ಮರ, ಹಂದಿ, ಇಷ್ಟೇ. 1643ರಲ್ಲಿ ಮಿಯಾಂಟೊನೊಮಿ ಎದುರಾಳಿ ಮೊಹೀಗನ್ನರ ಕೈಗೆ ಸಿಕ್ಕಿಬಿದ್ದ. ಏನು ಮಾಡಬೇಕೆಂದು ಅವರು ಇಂಗ್ಲಿಷರನ್ನು ಕೇಳಿದರು. ಇಂಗ್ಲಿಷ್ ಕಮಿಷನರುಗಳು ಕೊಲ್ಲಲು ಒಪ್ಪಿಗೆ ಕೊಟ್ಟರು.

ಮೂವರಿಗೆ ಒಬ್ಬ ಇಂಗ್ಲಿಷ್‌ನವ

ನನ್ನನ್ನು ಜಾಸ್ತಿ ಕಾಡಿದ್ದು ಕಾನೂನಿನ ಭಾಗ. ಕಾನೂನೇ ಇರಲಿಲ್ಲ, ದರ್ಪದಿಂದ ಎಲ್ಲ ಕಿತ್ತುಕೊಂಡರು ಎಂದಿದ್ದರೆ ಕಥೆ ಸಲೀಸಾಗಿ ಮುಗಿಯುತ್ತಿತ್ತು. ಕಾನೂನಿತ್ತು. ಓದಿದರೆ ಪರವಾಗಿಲ್ಲವಲ್ಲ ಅನಿಸುವಂಥದ್ದೇ ಇತ್ತು. 1648ರಲ್ಲಿ ಅಚ್ಚಾದ ಮ್ಯಾಸಚೂಸೆಟ್ಸ್ ಕಾನೂನು ಸಂಗ್ರಹದಲ್ಲಿ ಹೀಗಿದೆ: ಮೂಲನಿವಾಸಿಗಳ ಜೋಳವನ್ನು ಇಂಗ್ಲಿಷರ ದನ ಹಾಳುಮಾಡದಂತೆ ನೋಡಿಕೊಳ್ಳಬೇಕು. ಹಾಳಾದರೆ ಪರಿಹಾರ ಕೊಡಬೇಕು. ಬೇಲಿ ಹಾಕಲು ಇಂಗ್ಲಿಷರು ನೆರವಾಗಬೇಕು, ಮರ ಬೀಳಿಸಲು, ಅಡ್ಡಪಟ್ಟಿ ಸೀಳಲು, ಕಂಬಕ್ಕೆ ತೂತು ಕೊರೆಯಲು, ಮೂವರು ಅಥವಾ ಹೆಚ್ಚು ಮೂಲನಿವಾಸಿಗಳಿಗೆ ಒಬ್ಬ ಇಂಗ್ಲಿಷ್‌ನವನ ಲೆಕ್ಕದಲ್ಲಿ. ಇಷ್ಟು ನೆರವು ಕೊಡುತ್ತೇವೆಂದರೂ ಸಾಕ್ಷಿಗಳೆದುರು ಬೇಲಿ ಬೇಡ ಎಂದರೆ? ಆಗ ದನಗಳನ್ನು ತಾವೇ ದೂರವಿಡಬೇಕು, ಇಲ್ಲವೇ ಪರಿಹಾರದಲ್ಲಿ ಅರ್ಧ ಕಳೆದುಕೊಳ್ಳಬೇಕು.

ಬರೆದವರು ಇದನ್ನು ಉದಾರತೆ ಎಂದೇ ನಂಬಿದ್ದರು ಅನಿಸುತ್ತದೆ. ಕೆಲವು ಊರುಗಳು ನಿಜಕ್ಕೂ ಪರಿಹಾರ ಕೊಟ್ಟವು, ಹಾನಿ ಅಳೆಯಲು ಜನರನ್ನು ನೇಮಿಸಿದವು. ಆದರೆ ಆ ಬೇಲಿ ಅಂದರೆ ಏನೆಂದು ಯೋಚಿಸಬೇಕು. ಈ ಹೆಂಗಸರು ಒಂದು ಹೊಲವನ್ನು ಕೆಲವು ವರ್ಷ ಬೆಳೆದು, ಸಾರ ತೀರಿದ ಮೇಲೆ ಬೀಳು ಬಿಟ್ಟು ಮುಂದೆ ಹೋಗುತ್ತಿದ್ದವರು. ಬೇಸಿಗೆಗೆ ಹೊಲದ ಬಳಿ, ಚಳಿಗೆ ಕಾಡಿನ ಮರೆಯಲ್ಲಿ, ವಸಂತಕ್ಕೆ ಮೀನು ಹತ್ತುವ ಜಲಪಾತದ ಹತ್ತಿರ ಮನೆ. ಕಂಬ ನೆಟ್ಟು ಪಟ್ಟಿ ಹೊಡೆದ ಬೇಲಿಯನ್ನು ಕಾಯ್ದುಕೊಳ್ಳಬೇಕಾದರೆ ಇಡೀ ವರ್ಷದ ಆ ನಡೆಯನ್ನೇ ಬಿಡಬೇಕು. ಹಾನಿಯ ಕೇಸು ಗೆಲ್ಲಬೇಕಾದರೆ ಯಾರ ಹಂದಿ ಎಂದು ಹೇಳಬೇಕು. ಹಂದಿಯ ಕಿವಿಯಲ್ಲಿ ಕತ್ತರಿಸಿದ ಗುರುತು ಯಾರದ್ದೆಂದು ಬರೆದಿಟ್ಟ ಪುಸ್ತಕ ಇಂಗ್ಲಿಷ್ ಊರಿನ ಗುಮಾಸ್ತನ ಬಳಿ. ತೀರ್ಪು ಕೊಡುವವರ ಕೈಯಲ್ಲೂ ಹಂದಿಗಳಿದ್ದವು!

ಸರಿ, ಹಾಗಾದರೆ ನಾವೂ ಹಂದಿ ಸಾಕುತ್ತೇವೆ ಎಂದವರಿಗೆ ಏನಾಯಿತು? ಆಸಮೀಕ್ವಿನ್‌ನ ಎರಡನೇ ಮಗ ಮೆಟಾಕಮ್ ಅದನ್ನೇ ಮಾಡಿದ. ಇಂಗ್ಲಿಷರು ಅವನಿಗಿಟ್ಟ ಹೆಸರು ಫಿಲಿಪ್. ಅವನು ನ್ಯಾರಗ್ಯಾನ್ಸೆಟ್ ಕೊಲ್ಲಿಯ ಒಂದು ದ್ವೀಪಕ್ಕೆ ತನ್ನ ಹಂದಿಗಳನ್ನು ಬಿಟ್ಟ, ಥೇಟ್ ಇಂಗ್ಲಿಷರ ಪದ್ಧತಿ. 1669ರಲ್ಲಿ ಪೋರ್ಟ್ಸ್‌ಮತ್ ಊರಿನ ಸಭೆ ಸೇರಿ ಹಂದಿಗಳನ್ನು ಅಲ್ಲಿಂದ ತೆಗೆಯುವಂತೆ ಅವನಿಗೆ ಹೇಳಿ ಕಳಿಸಿತು. ಆ ದ್ವೀಪದ ಹೆಸರೇ ಹಾಗ್ ಐಲ್ಯಾಂಡ್, ಹಂದಿ ದ್ವೀಪ. ಸಂತೆಯಲ್ಲಿ ಹಂದಿಮಾಂಸ ಮಾರಿ ನಾಲ್ಕು ಕಾಸು ನೋಡುವ ಹೊತ್ತಿಗೆ ಮ್ಯಾಸಚೂಸೆಟ್ಸ್ ಇನ್ನೊಂದು ನಿಯಮ ತಂದಿತು. ಮೂಲನಿವಾಸಿಗಳು ತಮ್ಮ ಹಂದಿಯ ಕಿವಿಗೆ ಗುರುತು ಹಾಕುವಂತಿಲ್ಲ. ಗುರುತಿದ್ದರೆ ಕದ್ದ ಮಾಲು ಎಂದು ಲೆಕ್ಕ. ದನ ಇಲ್ಲ ಅಂತ ನೆಲ ಹೋಯಿತು. ದನ ಕಟ್ಟಿಕೊಂಡರೆ ಕಳ್ಳರಾದರು.

ಜೂನ್ ತಿಂಗಳ ಮಾತುಕತೆ

1675ರ ಜೂನ್. ಪ್ಲಿಮತ್‌ನವರು ಮೂವರು ವಾಂಪನೋಗರನ್ನು ಒಂದು ಕೊಲೆ ಪ್ರಕರಣದಲ್ಲಿ ಗಲ್ಲಿಗೇರಿಸಿದ್ದರು. ಮೆಟಾಕಮ್ ಜನ ಸೇರಿಸುತ್ತಿದ್ದಾನೆಂಬ ಸುದ್ದಿ. ಆಗ ಪಕ್ಕದ ರೋಡ್ ಐಲ್ಯಾಂಡಿನ ಡೆಪ್ಯುಟಿ ಗವರ್ನರ್ ಜಾನ್ ಈಸ್ಟನ್ ಮಾತಾಡಿ ನೋಡೋಣ ಎಂದು ಹೇಳಿ ಕಳಿಸಿದ. ಅವನು ಕ್ವೇಕರ್ ಪಂಥದವನು, ಜಗಳ ಒಲ್ಲದವನು. ದೋಣಿಗಟ್ಟೆಯ ಬಳಿ ಸೇರಿದರು. ಮೆಟಾಕಮ್ ಆಯುಧವಿಲ್ಲದೆ ಬಂದ, ಸುತ್ತ ಆಯುಧ ಹಿಡಿದ ಅವನ ನಲವತ್ತು ಜನ. ಈ ಕಡೆ ಐವರು ಇಂಗ್ಲಿಷರು. ತುಂಬ ಸ್ನೇಹದಿಂದ ಕೂತೆವು ಎಂದು ಈಸ್ಟನ್ ಬರೆಯುತ್ತಾನೆ. ನಾಯಿಗಳು ಜಗಳ ತೀರಿಸಿಕೊಳ್ಳುವ ಹಾಗೆ ಆಗುವುದು ಬೇಡ, ಸರಿಯಾದ ದಾರಿಯಲ್ಲಿ ಬಗೆಹರಿಸೋಣ ಎಂದ. ಹೊಡೆದಾಟ ಎಲ್ಲಕ್ಕಿಂತ ಕೆಟ್ಟ ದಾರಿ ಎಂದು ಅವರೂ ಒಪ್ಪಿದರು. ಪಂಚಾಯ್ತಿ ಮಾಡಿಸೋಣ ಎಂದಾಗ, ಪಂಚಾಯ್ತಿ ಅಂತಲೇ ನಮ್ಮ ಎಷ್ಟೋ ಮೈಲಿ ನೆಲ ಹೋಯಿತು, ಪಂಚರೆಲ್ಲ ಇಂಗ್ಲಿಷರೇ ಎಂದರು. ನಿಮ್ಮ ಕಡೆಯಿಂದ ಒಬ್ಬ ಮೂಲನಿವಾಸಿ ರಾಜ, ನಮ್ಮ ಕಡೆಯಿಂದ ನ್ಯೂಯಾರ್ಕ್ ಗವರ್ನರ್ ಇರಲಿ ಎಂದ ಈಸ್ಟನ್. ಇಂಥದ್ದೊಂದು ದಾರಿ ಇದೆಯೆಂದು ನಮಗೆ ಯಾರೂ ಹೇಳಿರಲಿಲ್ಲ ಎಂದರಂತೆ.

ಆಮೇಲೆ ಮೆಟಾಕಮ್‌ನ ಕಡೆಯ ದೂರುಗಳು. ಇಂಗ್ಲಿಷರು ಮೊದಲು ಬಂದಾಗ ನನ್ನಪ್ಪ ದೊಡ್ಡ ಮನುಷ್ಯ, ಇವರು ಚಿಕ್ಕ ಮಗುವಿನ ಹಾಗಿದ್ದರು. ಬೇರೆಯವರು ಇವರಿಗೆ ತೊಂದರೆ ಕೊಡದಂತೆ ತಡೆದ, ಜೋಳ ಕೊಟ್ಟ, ಬಿತ್ತುವುದು ತೋರಿಸಿದ. ನಮ್ಮಲ್ಲಿ ಇಪ್ಪತ್ತು ಜನ ಪ್ರಾಮಾಣಿಕರು ಸಾಕ್ಷಿ ಹೇಳಿದರೂ ಬೆಲೆಯಿಲ್ಲ, ಇಂಗ್ಲಿಷರಿಗೆ ಬೇಕಾದಾಗ ನಮ್ಮಲ್ಲಿನ ಒಬ್ಬ ಕೆಟ್ಟವನ ಸಾಕ್ಷಿ ಸಾಕು. ಕುಡಿಸಿ ನೆಲ ಬರೆಸಿಕೊಳ್ಳುತ್ತಾರೆ. ಕೊನೆಗೆ ದನದ ಮಾತು: ಇವರ ದನ ಕುದುರೆಗಳು ಎಷ್ಟು ಹೆಚ್ಚಿವೆ ಎಂದರೆ ಇಂಗ್ಲಿಷರಿಂದ ಮೂವತ್ತು ಮೈಲಿ ದೂರ ಹೋದರೂ ಜೋಳ ಉಳಿಯುವುದಿಲ್ಲ, ನಮಗೆ ಬೇಲಿ ಹಾಕಿ ಅಭ್ಯಾಸವಿಲ್ಲ, ನೆಲ ಮಾರಿದಾಗ ಅವರು ತಮ್ಮ ದನವನ್ನು ತಮ್ಮ ನೆಲದಲ್ಲೇ ಇಟ್ಟುಕೊಳ್ಳುತ್ತಾರೆ ಎಂದುಕೊಂಡಿದ್ದೆವು. ಬದುವಿನ ಮೇಲೆ ನಿಂತು ನಮ್ಮಜ್ಜಿ ಹೇಳಿದ್ದೂ ಇದನ್ನೇ ತಾನೆ?

ವಾರದೊಳಗೆ ಸ್ವಾನ್ಸಿ ಎಂಬ ಊರಲ್ಲಿ ಹೆಣ ಬಿದ್ದವು. ಮುಂದಿನ ಹದಿನಾಲ್ಕು ತಿಂಗಳು ನಡೆದದ್ದನ್ನು ಇಲ್ಲಿ ಪೂರ್ತಿ ಬರೆಯಲು ಹೋಗುವುದಿಲ್ಲ. ಲಂಡನ್ನಿಗೆ ವರದಿ ಕಳಿಸಿದ ಎಡ್ವರ್ಡ್ ರ್‍ಯಾಂಡಾಲ್ಫ್ ಇಂಗ್ಲಿಷರ ನಷ್ಟದಲ್ಲಿ 1,200 ಮನೆ, ಸಣ್ಣದು ದೊಡ್ಡದು ಸೇರಿ 8,000 ಜಾನುವಾರು ಎಂದು ಬರೆದ. ದನಗಳ ಮೇಲೆ ಮೂಲನಿವಾಸಿಗಳಿಗೆ ಬೇರೆಯದೇ ಸಿಟ್ಟಿತ್ತು. ಇಂಗ್ಲಿಷರು ಅದನ್ನು ಕಂಡು ಬೆಚ್ಚಿದರು, ಯಾಕೆಂದು ಮಾತ್ರ ಕೇಳಿಕೊಳ್ಳಲಿಲ್ಲ. ಅವರು ಸುಟ್ಟದ್ದು ಜೋಳ. 1675ರ ಡಿಸೆಂಬರ್ 19ರಂದು ಹಿಮದಲ್ಲಿ ಜೌಗು ದಾಟಿ ನ್ಯಾರಗ್ಯಾನ್ಸೆಟ್ ಕೋಟೆಯೊಳಗೆ ನುಗ್ಗಿದಾಗ ಮನೆಗಳು, ಮನೆಯೊಳಗಿನ ಮುದುಕರು ಮಕ್ಕಳು, ಚಳಿಗಾಲಕ್ಕೆ ಕೂಡಿಟ್ಟ ಕಾಳು, ಎಲ್ಲ ಒಟ್ಟಿಗೇ ಉರಿಯಿತು.

ಎರಡು ಬೆರಳಗಲದ ದೋಸೆ

ಆ ಚಳಿಗಾಲದ ಒಳಗಿನ ನೋಟ ಕೊಡುವವಳು ಮೇರಿ ರೋಲಂಡ್ಸನ್, ಲ್ಯಾಂಕಾಸ್ಟರ್ ಊರಿನ ಪಾದ್ರಿಯ ಹೆಂಡತಿ. 1676ರ ಫೆಬ್ರವರಿಯಲ್ಲಿ ಸೆರೆಸಿಕ್ಕಳು. ಗಾಯಗೊಂಡ ಆರು ವರ್ಷದ ಮಗಳು ಅವಳ ತೊಡೆಯ ಮೇಲೇ ತೀರಿಕೊಂಡಳು. ಸುಮಾರು ಹನ್ನೊಂದು ವಾರ ಈ ಜನರ ಜೊತೆ ಕಾಡು, ನದಿ ದಾಟುತ್ತ ನಡೆದಳು. ಅವರನ್ನು ಬಾಯಿಗೆ ಬಂದಂತೆ ಬೈಯುತ್ತಲೇ ಬರೆಯುತ್ತಾಳೆ, ಬೈಯಲು ಅವಳಿಗೆ ಕಾರಣವಿತ್ತು. ಆದರೆ ಕಣ್ಣು ಚುರುಕು. ಜೋಳ ಸುಟ್ಟರೆ ಹಸಿದು ಸಾಯುತ್ತಾರೆ ಎಂದು ನಮ್ಮವರು ಲೆಕ್ಕ ಹಾಕಿದ್ದರು, ಹಸಿವಿನಿಂದ ಸತ್ತ ಒಬ್ಬರನ್ನೂ ನಾನು ಕಾಣಲಿಲ್ಲ ಎನ್ನುತ್ತಾಳೆ. ಕಾಡುಗೆಡ್ಡೆ, ಓಕ್ ಮರದ ಕಾಯಿ, ನೈದಿಲೆ ಬೇರು, ಕುದುರೆಯ ಕರುಳು, ಮರದ ತೊಗಟೆ, ಹೀಗೆ ತಿಂದದ್ದನ್ನೆಲ್ಲ ಪಟ್ಟಿ ಮಾಡುತ್ತಾಳೆ.

ಒಂದು ದಿನ ಮೆಟಾಕಮ್ ತನ್ನ ಮಗನಿಗೊಂದು ಅಂಗಿ ಹೊಲಿದುಕೊಡು ಎಂದ. ಹೊಲಿದಳು. ಒಂದು ಶಿಲ್ಲಿಂಗ್ ಕೊಟ್ಟ. ಅದನ್ನು ತನ್ನ ಯಜಮಾನನಿಗೆ ಕೊಡಹೋದರೆ ಅವನು ನೀನೇ ಇಟ್ಟುಕೋ ಎಂದ. ಅದರಲ್ಲಿ ಕುದುರೆ ಮಾಂಸ ಕೊಂಡಳು. ಆಮೇಲೆ ಹುಡುಗನಿಗೊಂದು ಟೋಪಿ ಹೊಲಿಸಿದ, ಈ ಸಲ ಊಟಕ್ಕೆ ಕರೆದ. ಹೋದರೆ ಎರಡು ಬೆರಳಗಲದ ಒಂದು ದೋಸೆ. ಹುರಿದು ಕುಟ್ಟಿದ ಗೋಧಿಯದ್ದು, ಕರಡಿ ಕೊಬ್ಬಿನಲ್ಲಿ ಕರಿದದ್ದು. ನನ್ನ ಜೀವಮಾನದಲ್ಲೇ ಇಷ್ಟು ರುಚಿಯಾದದ್ದು ತಿಂದಿಲ್ಲ ಎನಿಸಿತು ಎಂದು ಬರೆದಿದ್ದಾಳೆ. ಗೋಧಿ ಈ ನೆಲದ್ದಲ್ಲ. ಇಂಗ್ಲಿಷರು ತಂದು ಬಿತ್ತಿದ್ದು, ಯಾವುದೋ ಇಂಗ್ಲಿಷ್ ಹೊಲದಿಂದ ಬಂದದ್ದು. ಅದನ್ನು ಕರಿದ ಕೊಬ್ಬು ಇಲ್ಲಿಯ ಕಾಡಿನದ್ದು. ಎರಡೂ ಕಡೆಯವರ ಹೊಲಗಳು ಸುಟ್ಟುಹೋದ ಆ ವರ್ಷ ಆತಿಥ್ಯಕ್ಕೆ ಉಳಿದದ್ದು ಅಷ್ಟೇ.

ಮೇ ತಿಂಗಳಲ್ಲಿ 20 ಪೌಂಡ್ ಕೊಟ್ಟು ಅವಳನ್ನು ಬಿಡಿಸಿಕೊಂಡರು. ಆಗಸ್ಟ್ 12ರಂದು ಮೆಟಾಕಮ್‌ನನ್ನು ಕೊಂದರು. ಅವನ ತಲೆ ಪ್ಲಿಮತ್‌ನಲ್ಲಿ ವರ್ಷಗಟ್ಟಲೆ ಕಂಬದ ಮೇಲಿತ್ತು. ಹೆಂಡತಿ ಮತ್ತು ಒಂಬತ್ತು ವರ್ಷದ ಮಗ ಅದಕ್ಕೂ ಮೊದಲೇ ಸೆರೆಸಿಕ್ಕಿದ್ದರು. ಹುಡುಗನನ್ನು ಕೊಲ್ಲಬೇಕೇ ಬೇಡವೇ ಎಂದು ಪಾದ್ರಿಗಳು ಬೈಬಲ್ ತಿರುವಿ ಚರ್ಚೆ ಮಾಡಿದರು. ಕೊನೆಗೆ ಗುಲಾಮಗಿರಿಗೆ ಮಾರಿದರು. ಆ ಅಂಗಿಯ ಹುಡುಗನೇ ಇರಬೇಕು.

ಅದೇ ಬೇಸಿಗೆ, ದಕ್ಷಿಣದಲ್ಲಿ

ವರ್ಜೀನಿಯಾ ಮೇರಿಲ್ಯಾಂಡ್ ಕಡೆಯೂ ಇದೇ ಗೋಳು. ಅಲ್ಲಿ ಒಂದು ವಿಚಿತ್ರ ಕಾನೂನು ಬೇರೆ ಇತ್ತು. 1656ರಲ್ಲಿ ವರ್ಜೀನಿಯಾ ಸಭೆ, ಎಂಟು ತೋಳದ ತಲೆ ತಂದುಕೊಟ್ಟ ಮುಖಂಡನಿಗೆ ಒಂದು ಹಸು ಎಂದು ಗೊತ್ತುಮಾಡಿತು. ದನ ಸಾಕಿದರೆ ನಾಗರಿಕರಾಗುತ್ತಾರೆ, ಆಮೇಲೆ ಕ್ರೈಸ್ತರಾಗುತ್ತಾರೆ ಎಂದು ಲೆಕ್ಕ. 1666ರಲ್ಲಿ ಮೇರಿಲ್ಯಾಂಡಿನ ಒಪ್ಪಂದದ ಮಾತುಕತೆಯಲ್ಲಿ ಮ್ಯಾಟಗಂಡ್ ಎಂಬ ಮುಖಂಡ ಎದ್ದು ನಿಂತು, ನಿಮ್ಮ ಹಂದಿ ದನಗಳು ನಮಗೆ ಕಾಟ ಕೊಡುತ್ತಿವೆ, ಇನ್ನು ಓಡಲು ಜಾಗವಿಲ್ಲ, ಎಲ್ಲಿ ಬದುಕಬೇಕು, ಹಂದಿ ದನಗಳಿಂದ ಹೇಗೆ ಉಳಿಯಬೇಕು ಅದನ್ನಾದರೂ ಹೇಳಿ ಎಂದ. ಒಂಬತ್ತು ವರ್ಷದ ನಂತರ, ಮೆಟಾಕಮ್‌ನ ಯುದ್ಧ ಶುರುವಾದ ಮರುತಿಂಗಳೇ, ಡೋಗ್ ಜನ ಪೊಟೊಮ್ಯಾಕ್ ನದಿ ದಾಟಿ ಥಾಮಸ್ ಮ್ಯಾಥ್ಯೂ ಎಂಬ ವ್ಯಾಪಾರಿಯ ಹಂದಿಗಳನ್ನು ಹೊಡೆದುಕೊಂಡು ಹೋದರು. ಅವನು ಸಾಮಾನು ತೆಗೆದುಕೊಂಡು ದುಡ್ಡು ಕೊಟ್ಟಿರಲಿಲ್ಲ. ಇಂಗ್ಲಿಷರು ಬೆನ್ನಟ್ಟಿ ಕೊಂದರು, ಸೇಡಿಗೆ ಸೇಡು ಬೆಳೆಯಿತು, ಸಂಬಂಧವೇ ಇಲ್ಲದ ಸಸ್ಕ್ವೆಹಾನಕ್ ಜನರೂ ಸತ್ತರು. ಕೊನೆಗೆ ಅದು ವರ್ಜೀನಿಯಾದ ಇಂಗ್ಲಿಷರೇ ತಮ್ಮ ಗವರ್ನರ್ ವಿರುದ್ಧ ಎದ್ದ ಬೇಕನ್ ದಂಗೆಯಾಗಿ 1676ರಲ್ಲಿ ರಾಜಧಾನಿ ಜೇಮ್ಸ್‌ಟೌನೇ ಸುಟ್ಟುಹೋಯಿತು. ಶತಮಾನದ ಎರಡು ದೊಡ್ಡ ಯುದ್ಧಗಳು, ಒಂದೇ ಬೇಸಿಗೆ, ಎರಡರ ಬುಡದಲ್ಲೂ ಹಂದಿ.

ಆ ದಂಗೆಯಲ್ಲಿ ಏಟು ತಿಂದವರು ಇಂಗ್ಲಿಷರ ಸ್ನೇಹಿತರಾಗಿಯೇ ಇದ್ದ ಪಮಂಕಿ ಜನ. ಅವರ ರಾಣಿ ಕಾಕಕೋಸ್ಕಿಯನ್ನು ಸಭೆಗೆ ಕರೆಸಿ ಎಷ್ಟು ಜನ ಸೈನಿಕರನ್ನು ಕೊಡುತ್ತೀ ಎಂದು ಕೇಳಿದಾಗ ಅವಳು ಕಾಲು ಗಂಟೆ ಗೋಳಾಡಿದಳಂತೆ. ಹಿಂದೊಮ್ಮೆ ಇಂಗ್ಲಿಷರ ಪರವಾಗಿ ಹೋರಾಡಿ ನೂರು ಜನರೊಂದಿಗೆ ಸತ್ತ ತನ್ನ ಗಂಡನ ಹೆಸರು ಹೇಳಿ ಹೇಳಿ. ಅದಕ್ಕೆ ಯಾವ ಪರಿಹಾರವೂ ಬಂದಿರಲಿಲ್ಲ. ಇದನ್ನು ಬರೆದಿಟ್ಟವನು ಯಾರು ಗೊತ್ತಾ? ಹಂದಿ ಕಳೆದುಕೊಂಡ ಅದೇ ಥಾಮಸ್ ಮ್ಯಾಥ್ಯೂ. 1677ರ ಮೇ 29ರಂದು ಅವಳೂ ಬೇರೆ ಮುಖಂಡರೂ ಒಪ್ಪಂದಕ್ಕೆ ಗುರುತು ಹಾಕಿದರು. ವರ್ಷಕ್ಕೆ ಮೂರು ಬಾಣ, ಇಪ್ಪತ್ತು ಬೀವರ್ ತೊಗಲು ಕಪ್ಪ. ಬದಲಿಗೆ, ಅವರ ಯಾವ ಊರಿನಿಂದಲೂ ಮೂರು ಮೈಲಿಯೊಳಗೆ ಇಂಗ್ಲಿಷರು ನೆಲೆಸುವಂತಿಲ್ಲ.

ಈ ಕಪ್ಪ ಇನ್ನೂ ನಿಂತಿಲ್ಲ. ಪಮಂಕಿ ಮತ್ತು ಮ್ಯಾಟಪೊನೈ ಜನ ಇವತ್ತಿಗೂ ಪ್ರತಿ ನವೆಂಬರ್, ಥ್ಯಾಂಕ್ಸ್‌ಗಿವಿಂಗ್ ಹೊತ್ತಿಗೆ, ರಿಚ್ಮಂಡ್‌ನಲ್ಲಿ ಗವರ್ನರ್ ಮನೆಯ ಮೆಟ್ಟಿಲಿನ ಬಳಿ ಬೇಟೆಯಾಡಿದ ಜಿಂಕೆ ತಂದಿಟ್ಟು ಒಪ್ಪಿಸುತ್ತಾರೆ. ಟಿವಿಯವರು ಬರುತ್ತಾರೆ, ಗವರ್ನರ್ ಕೈಕುಲುಕುತ್ತಾರೆ, ಫೋಟೋ ಆಗುತ್ತದೆ. ವಿಡಿಯೋದಲ್ಲಿ ಮೊದಲ ಸಲ ನೋಡಿದಾಗ ನನಗೆ ಇರುಸುಮುರುಸಾಯಿತು, ಸೋತವರು ಇನ್ನೂ ಕಪ್ಪ ಕಟ್ಟುತ್ತಿದ್ದಾರಲ್ಲ ಎಂದು. ಆದರೆ ಅವರು ಅದನ್ನು ಹೇಳುವ ರೀತಿ ಬೇರೆ: ನಮ್ಮ ಕಡೆಯ ಮಾತನ್ನು ನಾವು ತಪ್ಪಿಸಿಲ್ಲ.

ಹಾಗೆ ಹೇಳುವುದರ ಬಲ ಏನೆಂದು ಗೊತ್ತಾದದ್ದು ಒಂದು ಜಲಾಶಯದ ಜಗಳದಲ್ಲಿ. ನ್ಯೂಪೋರ್ಟ್ ನ್ಯೂಸ್ ನಗರ ಕುಡಿಯುವ ನೀರಿಗಾಗಿ ಮ್ಯಾಟಪೊನೈ ನದಿಯಿಂದ ನೀರೆತ್ತಿ ಕಿಂಗ್ ವಿಲಿಯಮ್ ಕೌಂಟಿಯಲ್ಲಿ ದೊಡ್ಡ ಜಲಾಶಯ ಕಟ್ಟಲು ಹೊರಟಿತು. ಆ ನದಿಯ ಶ್ಯಾಡ್ ಮೀನನ್ನೇ ನಂಬಿದ ಮ್ಯಾಟಪೊನೈ ಜನ ಕೋರ್ಟಿಗೆ ಹೋದರು. ಅವರು ಮುಂದಿಟ್ಟ ಕಾಗದ 1677ರದ್ದು. ಒಪ್ಪಂದ ಇನ್ನೂ ಜಾರಿಯಲ್ಲಿದೆ, ಮೂರು ಮೈಲಿಯ ಕಲಮೂ ಜಾರಿಯಲ್ಲಿದೆ ಎಂದು ವಾದ. 2005ರಲ್ಲಿ ವರ್ಜೀನಿಯಾದ ಸುಪ್ರೀಂ ಕೋರ್ಟ್ ಆ ಒಪ್ಪಂದದ ವಾದವನ್ನು ರಾಜ್ಯದ ಕೋರ್ಟು ಕೇಳಬೇಕು ಎಂದಿತು. 2009ರಲ್ಲಿ ಯೋಜನೆಯೇ ನಿಂತಿತು, ಅದಕ್ಕೆ ಮುಖ್ಯ ಕಾರಣ ಫೆಡರಲ್ ಕೋರ್ಟು ಪರಿಸರದ ಪರವಾನಗಿಯನ್ನು ತಪ್ಪೆಂದದ್ದು. ಆದರೂ ಗುರುತು ಹಾಕಿದ ರಾಣಿ ಸತ್ತು ಮುನ್ನೂರು ವರ್ಷ ಕಳೆದ ಮೇಲೆ, ಇಂಗ್ಲಿಷರು ಎಷ್ಟು ದೂರದಲ್ಲಿರಬೇಕು ಎಂಬ ಲೆಕ್ಕ ವರ್ಜೀನಿಯಾದ ಕೋರ್ಟಿನಲ್ಲಿ ಮತ್ತೆ ಎದ್ದಿತ್ತು. ಸರ್ಕಾರದ ವಕೀಲರು ಅದಕ್ಕೆ ಉತ್ತರ ಹುಡುಕಬೇಕಾಯಿತು.